ಅದೇ ಹೆಸರಿನ ಬೇರೆ ಫೈಲು

ಹಳ್ಳಿಯ ಹೆಸರು ಒಂದು ಫೈಲಿನಲ್ಲಿ, ಆ ಹಳ್ಳಿಯ ನೀರಿನ ಫಲಿತಾಂಶ ಇನ್ನೊಂದು ಫೈಲಿನಲ್ಲಿ. ಹೀಗೆ ಬೇರೆ ಬೇರೆ ಇಡಬೇಕೆಂದು ಹೇಳಿದವರು ನಮ್ಮ ಸಂಯೋಜಕರು. ಅದರಲ್ಲಿ ಅರ್ಥವಿತ್ತು. ನೀರು ಪರೀಕ್ಷೆ ಮಾಡುವವರಿಗೆ ಬಾಟಲಿ ಯಾವ ಊರಿನದೆಂದು ತಿಳಿದರೆ, "ನಮ್ಮ ಬೋರಿಂಗಿಗೆ ಕೆಂಪು ಬಣ್ಣ ಹಚ್ಚಿಸಬ್ಯಾಡ್ರಿ" ಎಂದು ಯಾರಾದರೂ ಅವರ ಮನೆ ಬಾಗಿಲಿಗೆ ಹೋಗಿಯೇ ಹೋಗುತ್ತಾರೆ. ಆದ್ದರಿಂದ ಬಾಟಲಿಯ ಮೇಲೆ ಗುಂಪಿನ ಅಕ್ಷರ ಮತ್ತು ಕ್ರಮಸಂಖ್ಯೆ ಮಾತ್ರ. ಊರಿನ ಹೆಸರು ಮತ್ತು ಕೈಪಂಪು ಇರುವ ಜಾಗ ಕೂಡ್ಲಿಗಿ ಕಚೇರಿಯ ಪಟ್ಟಿಯಲ್ಲಿರುತ್ತಿದ್ದವು. ಎರಡನ್ನೂ ಸೇರಿಸಿ ಒಂದು ಹಾಳೆ ಮಾಡುವುದು ನನ್ನ ಕೆಲಸ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಮ್ಮದು ಒಂದು ಸಣ್ಣ ಸ್ವಯಂಸೇವಾ ಸಂಸ್ಥೆ. ಕೂಡ್ಲಿಗಿ ಬಸ್ ನಿಲ್ದಾಣದ ಹಿಂದೆ ಎರಡು ಕೋಣೆಯ ಕಚೇರಿ ಇತ್ತು. ಈ ಭಾಗದ ಕೈಪಂಪುಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ನೋಡಿ, ಕುಡಿಯಬಾರದ ಪಂಪಿಗೆ ಕೆಂಪು, ಕುಡಿಯಬಹುದಾದ್ದಕ್ಕೆ ಹಸಿರು ಬಣ್ಣ ಹಚ್ಚುವುದು ಯೋಜನೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ತಿಳಿಯುವುದಿಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆಯಾಗಿ, ದೊಡ್ಡವರ ಮಂಡಿಯಲ್ಲಿ ನೋವಾಗಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಊರಿನವರಿಗೆ ನಂಬಲು ಇದ್ದದ್ದು ನಾವು ಹಚ್ಚುವ ಬಣ್ಣ ಒಂದೇ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಐದು ಫೋಲ್ಡರು ಮಾಡಿದ್ದೆ. ಕೊಟ್ಟೂರು ಆಗಿನ್ನೂ ತಾಲ್ಲೂಕು ಆಗಿರಲಿಲ್ಲ, ಕೆಲಸದ ಅನುಕೂಲಕ್ಕೆ ಬೇರೆ ಇಟ್ಟಿದ್ದೆವು. ಪ್ರತಿ ಫೋಲ್ಡರಿನಲ್ಲೂ ಫಲಿತಾಂಶದ ಫೈಲುಗಳಿಗೆ ಒಂದೇ ಥರದ ಹೆಸರು: ಫಲಿತ ಒಂದು, ಫಲಿತ ಎರಡು, ಫಲಿತ ಮೂರು. ಅಚ್ಚುಕಟ್ಟಾಗಿರಲಿ ಎಂದು ನಾನೇ ಹಾಗೆ ಇಟ್ಟದ್ದು. ಹಳ್ಳಿಗಳ ಹೆಸರಿನ ಪಟ್ಟಿಗಳು ಆರನೆಯ ಫೋಲ್ಡರಿನಲ್ಲಿದ್ದವು. ಪ್ರತಿ ಪಟ್ಟಿಯ ತಲೆಯಲ್ಲಿ ಒಂದು ಸಾಲು: ಇದರ ಫಲಿತಾಂಶ ಎಲ್ಲಿದೆ ಎಂದು ತೋರಿಸುವ ದಾರಿ.

ಆ ದಾರಿಯನ್ನು ಡ್ರೈವಿನ ಅಕ್ಷರದಿಂದ ಪೂರ್ತಿಯಾಗಿ ಬರೆಯುವಂತಿರಲಿಲ್ಲ. ಐದು ಕಡೆಯ ಐದು ಹಳೆಯ ಕಂಪ್ಯೂಟರುಗಳಲ್ಲಿ ಒಂದರಲ್ಲಿ ನಮ್ಮ ಕೆಲಸ ಸಿ ಡ್ರೈವಿನಲ್ಲಿ, ಇನ್ನೊಂದರಲ್ಲಿ ಡಿ ಡ್ರೈವಿನಲ್ಲಿ. ಫೈಲುಗಳು ಫ್ಲಾಪಿಯಲ್ಲಿ ಬಸ್ಸು ಹತ್ತಿ ಓಡಾಡುತ್ತಿದ್ದವು. ಹಾಗಾಗಿ "ಎರಡು ಚುಕ್ಕಿ, ಓರೆಗೆರೆ, ಕೂಡ್ಲಿಗಿ, ಓರೆಗೆರೆ, ಫಲಿತ ಎರಡು" ಎನ್ನುವ ಥರ ಬರೆಯಿಸಿದೆ. ಎರಡು ಚುಕ್ಕಿ ಎಂದರೆ ಒಂದು ಮೆಟ್ಟಿಲು ಮೇಲೆ ಹೋಗು, ಅಲ್ಲಿಂದ ಕೂಡ್ಲಿಗಿ ಫೋಲ್ಡರಿಗೆ ಇಳಿ ಎಂದರ್ಥ. ಎಲ್ಲಿಂದ ಮೇಲೆ ಹೋಗಬೇಕು ಎನ್ನುವ ಪ್ರಶ್ನೆಯನ್ನು ಆಗ ನಾನು ಗಟ್ಟಿಯಾಗಿ ಕೇಳಿಕೊಳ್ಳಲಿಲ್ಲ.

ಇದಕ್ಕೆಲ್ಲ ಒಂದು ಪುಟ್ಟ ಎಡಿಟರನ್ನು ನಾನೇ ಬರೆದಿದ್ದೆ. ಸಿಗುತ್ತಿದ್ದ ಎಡಿಟರುಗಳು ನಮ್ಮ ಕನ್ನಡ ಫಾಂಟಿನಲ್ಲಿ ಸಾಲುಗಳನ್ನು ಕೆಡಿಸುತ್ತಿದ್ದವು. ನನ್ನದು ಸಾದಾ ಪಠ್ಯ ತೋರಿಸುತ್ತಿತ್ತು, ತಿದ್ದಲು ಬಿಡುತ್ತಿತ್ತು. ದಾರಿ ಇರುವ ಸಾಲಿನ ಮೇಲೆ ಕರ್ಸರ್ ಇಟ್ಟು ಒಂದು ಕೀಲಿ ಒತ್ತಿದರೆ ಆ ಫೈಲು ತೆರೆಯುತ್ತಿತ್ತು. ಇನ್ನೊಂದು ಕೀಲಿ ಒತ್ತಿದರೆ ಎರಡೂ ಫೈಲುಗಳನ್ನು ಕ್ರಮಸಂಖ್ಯೆಯ ಪ್ರಕಾರ ಜೋಡಿಸಿ ಹಾಳೆ ಮುದ್ರಿಸುತ್ತಿತ್ತು: ಕ್ರಮಸಂಖ್ಯೆ, ಊರು, ಪಂಪಿನ ಜಾಗ, ಫ್ಲೋರೈಡಿನ ಅಂಕಿ, ಬಣ್ಣ. ಆ ಹಾಳೆ ಹಿಡಿದು ನಮ್ಮ ಪೇಂಟರ್ ಹಳ್ಳಿಗಳಿಗೆ ಹೋಗುತ್ತಿದ್ದರು. ಕೊಟ್ಟೂರಿನ ಕಡೆಯವರು, ಅಂಗಡಿಗಳಿಗೆ ಬೋರ್ಡು ಬರೆದು ಪಳಗಿದ ಕೈ.

ಮೊದಲ ತೊಂದರೆ ಹಗರಿಬೊಮ್ಮನಹಳ್ಳಿಯಿಂದ ಬಂತು. ಅಲ್ಲಿನ ಆಪರೇಟರ್ ಫೋಲ್ಡರಿಗೆ "ಹೆಚ್ ಬಿ ಹಳ್ಳಿ" ಎಂದು ನಡುನಡುವೆ ಜಾಗ ಬಿಟ್ಟು ಹೆಸರಿಟ್ಟಿದ್ದರು. ದಾರಿ ಎಲ್ಲಿ ಮುಗಿಯುತ್ತದೆ ಎಂದು ತಿಳಿಯಲು ನನ್ನ ಎಡಿಟರ್ ಮೊದಲ ಖಾಲಿ ಜಾಗವನ್ನು ಹುಡುಕುತ್ತಿತ್ತು. ಹಾಗಾಗಿ ಅದು "ಹೆಚ್" ಎನ್ನುವಷ್ಟಕ್ಕೇ ನಿಂತು, ಅಂಥ ಫೈಲು ಇಲ್ಲ ಎಂದು ಹೇಳುತ್ತಿತ್ತು. ನಾನು ನಿಯಮ ಬದಲಿಸಿದೆ. ದಾರಿಯ ಎರಡೂ ತುದಿಗೆ ಉದ್ಧರಣ ಚಿಹ್ನೆ ಹಾಕಬೇಕು, ಚಿಹ್ನೆಯಿಂದ ಚಿಹ್ನೆಯವರೆಗೆ ಇರುವುದೆಲ್ಲ ದಾರಿ. ಐದೂ ಕಡೆಗೆ ಚೀಟಿ ಬರೆದು ಕಳಿಸಿದೆ.

ಎರಡನೆಯ ತೊಂದರೆ ಆ ಚಿಹ್ನೆಯದೇ. ಕೊಟ್ಟೂರಿನಲ್ಲಿ ಪಟ್ಟಿಗಳನ್ನು ಬೇರೊಂದು ತಂತ್ರಾಂಶದಲ್ಲಿ ಟೈಪು ಮಾಡಿ ನನ್ನ ಎಡಿಟರಿಗೆ ಅಂಟಿಸುತ್ತಿದ್ದರು. ಆ ತಂತ್ರಾಂಶ ನೆಟ್ಟಗಿನ ಚಿಹ್ನೆಯನ್ನು ಅಂದಕ್ಕಾಗಿ ಬಾಗಿಸಿಬಿಡುತ್ತಿತ್ತು. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. ನನ್ನ ಎಡಿಟರಿಗೆ ಮಾತ್ರ ಬಾಗಿದ ಚಿಹ್ನೆ ಚಿಹ್ನೆಯೇ ಅಲ್ಲ, ಹೆಸರಿನ ಒಂದು ಅಕ್ಷರ. ಮತ್ತೆ ಅದೇ ಸಂದೇಶ: ಫೈಲು ಸಿಗಲಿಲ್ಲ.

ದಿನಕ್ಕೆ ನಾಲ್ಕು ಫೋನು ಬರತೊಡಗಿದವು. ಸಂಯೋಜಕರ ತಾಳ್ಮೆ ತೀರಿತು.

"ಮೇಡಂ, ನಿಮ್ಮ ಎಡಿಟರ್ ಮಾತೆತ್ತಿದ್ರ ಸಿಗಲಿಲ್ಲ, ಸಿಗಲಿಲ್ಲ ಅಂತೈತಿ. ಫೈಲು ಅಲ್ಲೇ ಕಣ್ಮುಂದ ಐತಿ. ಅದಕ್ಕ ಒಂದೀಟು ಬುದ್ಧಿ ಕಲಸ್ರಿ," ಎಂದರು. ಬೈದದ್ದಲ್ಲ, ದಣಿದು ಹೇಳಿದ್ದು. ಪೇಂಟರ್ ಹಾಳೆಗಾಗಿ ಎರಡು ದಿನದಿಂದ ಕಾಯುತ್ತಿದ್ದರು.

ಬಾಗಿದ ಚಿಹ್ನೆಯನ್ನೂ ಗುರುತಿಸುವಂತೆ ಮಾಡಬಹುದಿತ್ತು. ಆದರೆ ನಾಳೆ ಇನ್ನೊಂದು ಥರದ ಚಿಹ್ನೆ ಬಂದರೆ ಎಂದುಕೊಂಡು ಬೇರೆ ಉಪಾಯ ಮಾಡಿದೆ. ಬರೆದ ದಾರಿಯಲ್ಲಿ ಫೈಲು ಸಿಗದಿದ್ದರೆ ಎಡಿಟರ್ ಸೋಲು ಒಪ್ಪಿಕೊಳ್ಳಬಾರದು. ದಾರಿಯ ಕೊನೆಯ ತುಂಡನ್ನು, ಅಂದರೆ ಫೈಲಿನ ಹೆಸರನ್ನು ಮಾತ್ರ ತೆಗೆದುಕೊಂಡು, ಚಿಹ್ನೆಗಳನ್ನು ಕಿತ್ತುಹಾಕಿ, ಸದ್ಯ ಕೆಲಸ ನಡೆಯುತ್ತಿರುವ ಫೋಲ್ಡರಿನಲ್ಲಿ ಹುಡುಕಬೇಕು. ಸಿಕ್ಕರೆ ಸದ್ದಿಲ್ಲದೆ ತೆರೆಯಬೇಕು. ಒಂದು ಮಧ್ಯಾಹ್ನದ ಕೆಲಸ, ಎಂಟೋ ಹತ್ತೋ ಸಾಲು. ಫೋನುಗಳು ನಿಂತವು. ಕೊಟ್ಟೂರಿನ ಆಪರೇಟರ್, "ಈಗ ಭಾರಿ ಸಲೀಸಾತ್ರಿ," ಎಂದರು. ನನಗೂ ಹೆಮ್ಮೆಯೆನಿಸಿತು.

ಆ ವಾರ ಹಡಗಲಿಯ ಹಾಳೆಗಳನ್ನು ಮುದ್ರಿಸಿದೆ, ಅದರ ಬೆನ್ನಿಗೇ ಕೂಡ್ಲಿಗಿಯವನ್ನು, ಆಮೇಲೆ ಉಳಿದವನ್ನು. ಪೇಂಟರ್ ಸೈಕಲ್ಲಿಗೆ ಡಬ್ಬಿ ಕಟ್ಟಿಕೊಂಡು ಹೊರಟರು.

ಐದಾರು ವಾರ ಕಳೆದಿರಬಹುದು. ಒಂದು ಬೆಳಿಗ್ಗೆ ನಾನು ಹರಪನಹಳ್ಳಿಯ ಬಸ್ಸಿಳಿದು ಕಚೇರಿಗೆ ಬಂದಾಗ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕುಳಿತಿದ್ದರು. ಕೈಚೀಲದಲ್ಲಿ ಎರಡು ಬಾಟಲಿ ನೀರು. ಕೂಡ್ಲಿಗಿಗೆ ಒಂದು ತಾಸಿನ ದಾರಿಯ ಒಂದು ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ. ಊರಿನವರು ಅವರನ್ನು ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತ ಹೋದೆ.

"ಬಣ್ಣದ ಪಟ್ಟಿ ಮಾಡೋರು ನೀವ ಏನ್ರಿ?"

"ಹೌದ್ರಿ, ಒಳಗ ಬರ್ರಿ."

ಒಳಗೆ ಬಂದರು, ಕುರ್ಚಿಯಲ್ಲಿ ಕೂರಲಿಲ್ಲ. ಬಾಟಲಿಗಳನ್ನು ನನ್ನ ಮೇಜಿನ ಮೇಲೆ ಇಟ್ಟರು. "ಇದು ಸಾಲಿ ಮುಂದಿನ ಬೋರಿಂಗಿಂದು. ಇದು ಗುಡಿ ಓಣಿದು. ಸಾಲಿ ಬೋರಿಂಗಿಗೆ ಕೆಂಪು ಹಚ್ಚ್ಯಾರ, ಗುಡಿ ಓಣಿದಕ್ಕ ಹಸಿರು. ಇನ್ನೊಮ್ಮೆ ನೋಡ್ರಿ."

"ಯಾಕ್ರಿ, ಏನರ ಆತೇನು?"

"ಏನೂ ಆಗಿಲ್ರಿ. ನಾ ದಿನಾ ಹುಡುಗ್ರಿಗೆ ಊಟಕ್ಕ ಹಾಕ್ತೀನಿ, ಎದುರ ಕುಂತು ನೋಡ್ತೀನಿ. ಗುಡಿ ಓಣಿ ಹುಡುಗ್ರ ಹಲ್ಲು ಕಂದು ಅದಾವ, ಅವರ ಅಣ್ಣ ಅಕ್ಕನವು ಇನ್ನೂ ಕಂದು. ಸಾಲಿ ಕಡೆ ಹುಡುಗ್ರವು ಬೆಳ್ಳಗದಾವ. ಮತ್ತ ಬಣ್ಣ ಉಲ್ಟಾ ಯಾಕ ಬಂತು?"

ನಾನು ಉತ್ತರ ಹೇಳುವ ಮೊದಲೇ ಅವರು ಇನ್ನೊಂದು ಮಾತು ಸೇರಿಸಿದರು. "ಬಣ್ಣ ಹಚ್ಚಿದ ಮ್ಯಾಲೆ ಊರಾಗ ಯಾರೂ ಕೇಳಲಿಲ್ರಿ. ಸಾಲಿ ನೀರು ಸಿಹಿ ಐತಿ, ಅದನ್ನ ಬಿಡಂಗಿಲ್ಲ ಅಂದ್ರು. ನಾನ ಮನಿಮನಿಗೆ ಹೋಗಿ ಹೇಳಿ ಬಿಡಿಸೀನಿ. ಅಂಗನವಾಡಿ ಹುಡುಗ್ರಿಗೆ ಹಸಿರು ಬೋರಿಂಗಿಂದು ನಾನ ತಂದು ಕುಡಿಸೀನಿ."

ನಾನು ಎಡಿಟರ್ ತೆರೆದೆ. ಮೊದಲು ಕೂಡ್ಲಿಗಿ ಫೋಲ್ಡರಿಗೆ ಹೋಗಿ ಫಲಿತಾಂಶದ ಫೈಲು ನೋಡಿದೆ. ಆಮೇಲೆ ಅವರ ಊರಿನ ಪಟ್ಟಿ ತೆರೆದು ಜೋಡಿಸಿದೆ. ಶಾಲೆಯ ಪಂಪು ಹಸಿರು, ಗುಡಿ ಓಣಿಯದು ಕೆಂಪು ಎಂದು ಪರದೆಯ ಮೇಲೆ ಬಂತು. ಅಂದರೆ ಪೇಂಟರ್ ತಪ್ಪು ಹಚ್ಚಿದ್ದಾರೆ ಎಂದುಕೊಂಡೆ. ಕ್ಷಣಕಾಲ ಹಗುರವೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಎದ್ದು ಕಪಾಟಿನಿಂದ ಅಂದು ಮುದ್ರಿಸಿದ ಹಾಳೆಯ ಪ್ರತಿ ತೆಗೆದೆ. ಅದರಲ್ಲಿ ಶಾಲೆಯ ಪಂಪಿನ ಎದುರು ಕೆಂಪು, ಗುಡಿ ಓಣಿಯ ಎದುರು ಹಸಿರು ಎಂದಿತ್ತು. ಪೇಂಟರ್ ನಾನು ಕೊಟ್ಟದ್ದನ್ನೇ ಹಚ್ಚಿದ್ದರು.

ಒಂದೇ ಪಟ್ಟಿ, ಒಂದೇ ಎಡಿಟರ್, ಎರಡು ದಿನ ಎರಡು ಉತ್ತರ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.

"ತಪ್ಪಾಗೇತೇನ್ರಿ?"

"ಆಗಿರಬೇಕ್ರಿ. ಹೆಂಗಂತ ಗೊತ್ತಾಗವಲ್ದು. ಇವತ್ತಿಂದ ಗುಡಿ ಓಣಿ ನೀರು ಕುಡಿಸಬ್ಯಾಡ್ರಿ," ಎಂದೆ. ಅವರು ಬಾಟಲಿಗಳನ್ನು ಅಲ್ಲೇ ಬಿಟ್ಟು ಹನ್ನೊಂದರ ಬಸ್ಸಿಗೆ ಹೊರಟುಹೋದರು.

ಊಟದ ಹೊತ್ತಿಗೆ ಕಾರಣ ಸಿಕ್ಕಿತು. ಆ ದಿನ ಮಾಡಿದ್ದನ್ನೆಲ್ಲ ಅದೇ ಕ್ರಮದಲ್ಲಿ ಮತ್ತೆ ಮಾಡಿದೆ. ಮೆನುವಿನಿಂದ ಹಡಗಲಿಯ ಒಂದು ಫೈಲು ತೆರೆದು ಮುಚ್ಚಿದೆ. ಬಳಿಕ ಕೂಡ್ಲಿಗಿಯ ಪಟ್ಟಿ ಜೋಡಿಸಿದೆ. ತಪ್ಪು ಹಾಳೆ ಬಂತು. ಮೆನುವಿನಿಂದ ಯಾವ ಫೈಲು ತೆರೆದರೂ ಅದರ ಫೋಲ್ಡರೇ ಎಡಿಟರಿಗೆ "ಸದ್ಯದ ಫೋಲ್ಡರ್" ಆಗುತ್ತಿತ್ತು. ಫೈಲು ಮುಚ್ಚಿದರೂ ಅದು ಬದಲಾಗುತ್ತಿರಲಿಲ್ಲ. ಪಟ್ಟಿಗಳನ್ನು ತೆರೆಯಲು ಬೇರೆ ಕೀಲಿಯಿತ್ತು, ಅದು ಸದ್ಯದ ಫೋಲ್ಡರನ್ನು ಮುಟ್ಟುತ್ತಿರಲಿಲ್ಲ. ಆ ಊರಿನ ಪಟ್ಟಿ ಟೈಪಾದದ್ದು ಕೊಟ್ಟೂರಿನಲ್ಲಿ, ಅದರ ತಲೆಯ ಸಾಲಿನಲ್ಲಿ ಚಿಹ್ನೆ ಇನ್ನೂ ಬಾಗಿಯೇ ಇತ್ತು. ಬರೆದ ದಾರಿ ಸೋತಿತು. ಆಗ ನನ್ನ ಜಾಣ ಹತ್ತು ಸಾಲುಗಳು "ಫಲಿತ ಎರಡು" ಎನ್ನುವ ಹೆಸರನ್ನು ಮಾತ್ರ ಹಿಡಿದುಕೊಂಡು ಸದ್ಯದ ಫೋಲ್ಡರಿನಲ್ಲಿ, ಅಂದರೆ ಹಡಗಲಿಯಲ್ಲಿ ಹುಡುಕಿದವು. ಅಲ್ಲೂ ಅದೇ ಹೆಸರಿನ ಫೈಲಿತ್ತು. ಹಡಗಲಿಯ ನೀರಿನ ಫಲಿತಾಂಶ ಕೂಡ್ಲಿಗಿಯ ಊರುಗಳ ಎದುರು ಒಂದೊಂದಾಗಿ ಕುಳಿತುಕೊಂಡಿತು. ಹಡಗಲಿಯ ಫೈಲು ಉದ್ದವಾಗಿತ್ತು. ಉಳಿದ ಸಾಲುಗಳನ್ನು ಎಡಿಟರ್ ಏನೂ ಹೇಳದೆ ಕೈಬಿಟ್ಟಿತ್ತು.

ಫೈಲು ಸಿಗಲಿಲ್ಲ ಎನ್ನುವ ಸಂದೇಶ ಇದ್ದಿದ್ದರೆ ನಾನು ನಿಂತು ನೋಡುತ್ತಿದ್ದೆ. ಆ ಸಂದೇಶವನ್ನು ತೆಗೆದುಹಾಕಿದ್ದವಳು ನಾನೇ.

ಇಷ್ಟು ತಿಳಿದ ಮೇಲೆ ಇನ್ನೂ ಕೆಟ್ಟದ್ದೊಂದು ತಿಳಿಯಿತು. ಯಾವ ಹಾಳೆ ಸರಿ, ಯಾವುದು ತಪ್ಪು ಎಂದು ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಯಾವ ಫೋಲ್ಡರಿನಿಂದ ಫೈಲು ಬಂತು ಎನ್ನುವುದನ್ನು ಎಡಿಟರ್ ಎಲ್ಲೂ ಬರೆದಿಡುತ್ತಿರಲಿಲ್ಲ. ಮುದ್ರಿಸುವಾಗ ಅದಕ್ಕೆ ಮುಂಚೆ ನಾನು ಏನು ತೆರೆದಿದ್ದೆ ಎನ್ನುವುದು ನೆನಪಿರಲಿಲ್ಲ. ಬಾಗಿದ ಚಿಹ್ನೆ ಇರುವ ಪಟ್ಟಿಗಳನ್ನಷ್ಟೇ ಹುಡುಕೋಣವೆಂದರೆ, ಕಳೆದ ತಿಂಗಳು ಸಿಕ್ಕ ಸಿಕ್ಕಲ್ಲಿ ಅವನ್ನು ನಾನೂ ಕೊಟ್ಟೂರಿನವರೂ ನೆಟ್ಟಗೆ ಮಾಡಿಬಿಟ್ಟಿದ್ದೆವು. ಇವತ್ತಿನ ಫೈಲು ಅವತ್ತಿನದಲ್ಲ.

ಸಂಯೋಜಕರು ಮೂರು ಗಂಟೆಗೆ ಹಡಗಲಿಯಿಂದ ಬಂದರು. ಎಲ್ಲ ಹೇಳಿದೆ. ಪರದೆಯ ಮೇಲೆ ಮಾಡಿಯೂ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಆ ಊರಿಂದು ಒಂದು ತಿದ್ದೋಣು. ನಾಳೆನ ಪೇಂಟರ್‌ನ ಕಳಸ್ತೀನಿ. ಬಣ್ಣ ಬದಲಿ ಮಾಡಿ ಬರ್ತಾನ."

"ಒಂದೇ ಊರಂತ ಹೆಂಗ ಹೇಳ್ತೀರಿ ಸರ್?"

"ಬ್ಯಾರೆ ಊರಿಂದ ಯಾರೂ ಬಂದಿಲ್ಲಲ್ಲ."

"ಈ ಅಕ್ಕ ಬಂದದ್ದು ಹುಡುಗ್ರ ಹಲ್ಲು ನೋಡಿ ಸರ್. ಎಲ್ಲ ಊರಾಗೂ ಹಂಗ ನೋಡೋರು ಇರಂಗಿಲ್ಲ."

ಅವರು ಗೋಡೆಯ ಕ್ಯಾಲೆಂಡರಿನತ್ತ ನೋಡಿದರು. ಮುಂದಿನ ವಾರ ಯೋಜನೆಯನ್ನು ನೋಡಲು, ಅದಕ್ಕೆ ಹಣ ಕೊಡುವ ಮೇಲಿನವರು ಬರುವವರಿದ್ದರು. ಅದು ನನಗೂ ಗೊತ್ತಿತ್ತು. "ಎಲ್ಲಾ ಪಂಪೂ ಅನುಮಾನ ಅಂತ ಡಂಗುರ ಹೊಡೆದ್ರ, ನಾಳೆ ಸರಿ ಇದ್ದ ಬಣ್ಣಾನೂ ಯಾರೂ ನಂಬಂಗಿಲ್ಲ ಮೇಡಂ. ಎರಡು ವರ್ಷದ ಕೆಲಸ. ವಿಚಾರ ಮಾಡ್ರಿ," ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ನಂಬಿಕೆ ಹೋದರೆ ಹಸಿರಿಗೂ ಬೆಲೆಯಿಲ್ಲ, ಕೆಂಪಿಗೂ ಇಲ್ಲ.

ಆ ಸಂಜೆ ಹರಪನಹಳ್ಳಿಯ ಮನೆಗೆ ಹೋಗುವ ಬಸ್ಸಿನಲ್ಲಿ ಕೊಟ್ಟೂರು ದಾಟುವವರೆಗೂ ನಾನು ಅವರ ಮಾತನ್ನೇ ತೂಗಿದೆ. ಪ್ರತಿ ಸಲವೂ ಅಂಗನವಾಡಿಯ ಅಕ್ಕ "ನಾನ ತಂದು ಕುಡಿಸೀನಿ" ಎಂದದ್ದು ಅಡ್ಡ ಬರುತ್ತಿತ್ತು. ಅವರು ತಮ್ಮ ಮಾತನ್ನು ಪಣಕ್ಕಿಟ್ಟು ನಮ್ಮ ಬಣ್ಣವನ್ನು ಊರಿಗೆ ಒಪ್ಪಿಸಿದ್ದರು. ಅಂಥವರು ಪ್ರತಿ ಹಳ್ಳಿಯಲ್ಲೂ ಒಬ್ಬರಾದರೂ ಇರುತ್ತಾರೆ. ಮರುದಿನ ಬೆಳಿಗ್ಗೆ ಐದೂ ಕಚೇರಿಗೆ ಫೋನು ಮಾಡಿ ನನ್ನ ಎಡಿಟರನ್ನು ಅಳಿಸಿಹಾಕಲು ಹೇಳಿದೆ. ಆ ಹತ್ತು ಸಾಲು ಸೇರಿಸಿದ ದಿನದಿಂದ ಮುದ್ರಿಸಿದ ಎಲ್ಲ ಹಾಳೆಗಳನ್ನೂ ವಾಪಸ್ ಕಳಿಸಿ ಎಂದೆ. ಸಂಯೋಜಕರಿಗೆ ಒಂದು ಕಾಗದ ಬರೆದು ಕೊಟ್ಟೆ: ತಪ್ಪು ನನ್ನದು, ಪರೀಕ್ಷೆಯದೂ ಅಲ್ಲ, ಪೇಂಟರದೂ ಅಲ್ಲ. ಪ್ರತಿ ಪಂಪನ್ನೂ ಮೂಲದೊಂದಿಗೆ ತಾಳೆ ನೋಡುವವರೆಗೆ ಒಂದು ಬಣ್ಣವನ್ನೂ ಹಚ್ಚಬಾರದು. ಅವರು ಓದಿ, ಮಡಚಿ, ಜೇಬಿನಲ್ಲಿಟ್ಟುಕೊಂಡರು. "ಆತು. ಮೇಲಿನವರಿಗೆ ನಾನ ಹೇಳ್ತೀನಿ. ನೀವು ಮೇಷ್ಟ್ರ ಮನಿಗೆ ಹೋಗ್ರಿ," ಎಂದರು.

ಮೇಷ್ಟ್ರು ಎಂದರೆ ನೀರು ಪರೀಕ್ಷೆ ಮಾಡುತ್ತಿದ್ದವರು. ನಿವೃತ್ತ ವಿಜ್ಞಾನ ಶಿಕ್ಷಕರು, ಹರಪನಹಳ್ಳಿಯ ತಮ್ಮ ಮನೆಯ ಹಿಂದಿನ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದರು. ಕಂಪ್ಯೂಟರಿಗೆ ಹೋಗುವ ಮೊದಲು ಪ್ರತಿ ಬಾಟಲಿಯ ಫಲಿತಾಂಶವನ್ನು ಶಾಯಿಯಲ್ಲಿ ಬರೆದಿಡುತ್ತಿದ್ದರು, ಗುಂಪಿಗೊಂದು ನೋಟ್‌ಬುಕ್. ನಮಗೆ ಉಳಿದಿದ್ದ ಮೂಲ ಅದೊಂದೇ.

ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಅವರ ಪಡಸಾಲೆಯಲ್ಲಿ ಕುಳಿತೆವು. ಅವರು ನೋಟ್‌ಬುಕ್ಕಿನಿಂದ ಕ್ರಮಸಂಖ್ಯೆ ಮತ್ತು ಅಂಕಿ ಓದುವುದು, ನಾನು ಮುದ್ರಿಸಿದ ಹಾಳೆಯಲ್ಲಿ ಬೆರಳಿಟ್ಟು ನೋಡುವುದು. ಸರಿಯಿದ್ದರೆ ಪೆನ್ಸಿಲ್ ಗೆರೆ, ತಪ್ಪಿದ್ದರೆ ಸುತ್ತು. ಮೊದಲ ದಿನ ಒಂದೂ ಸುತ್ತು ಬೀಳಲಿಲ್ಲ. ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಲ್ಲ ಸರಿಯಾಗಿದ್ದವು. ಎರಡನೆಯ ದಿನ ಕೂಡ್ಲಿಗಿಯ ಒಂದು ಹಾಳೆಯಲ್ಲಿ ಸುತ್ತುಗಳು ಸಾಲಾಗಿ ಬಿದ್ದವು. ಮೇಷ್ಟ್ರು ಓದುವುದನ್ನು ನಿಲ್ಲಿಸಿ ನನ್ನ ಹಾಳೆಯತ್ತ ಬಗ್ಗಿದರು.

"ಇದು ನಾನು ಬರೆದ ನಂಬರೇ ಐತಲ್ಲಮ್ಮ, ಆದ್ರೆ ಬೇರೆ ಗುಂಪಿಂದು," ಎಂದರು. ತಮ್ಮ ಅಂಕಿಗಳನ್ನು ಅವರು ಮುಖ ಗುರುತಿಸಿದ ಹಾಗೆ ಗುರುತಿಸಿದರು.

ಮೂರನೆಯ ದಿನ ಕೊಟ್ಟೂರಿನ ಒಂದು ಹಾಳೆಯಲ್ಲೂ ಹಾಗೇ ಆಯಿತು. ಒಟ್ಟು ಎರಡು ಹಾಳೆ. ತಪ್ಪು ಫಲಿತಾಂಶವೂ ಎಷ್ಟೋ ಕಡೆ ಅದೇ ಬಣ್ಣವನ್ನೇ ಹೇಳಿದ್ದರಿಂದ ಬಣ್ಣ ಬದಲಾದ ಪಂಪು ಇಪ್ಪತ್ತಮೂರು. ಅದರಲ್ಲಿ ಹದಿನಾಲ್ಕು ಒಳ್ಳೆಯ ನೀರಿನವಕ್ಕೆ ಕೆಂಪು ಬಿದ್ದಿತ್ತು. ಒಂಬತ್ತು ಕೆಟ್ಟವಕ್ಕೆ ಹಸಿರು. ಅಕ್ಕ ಬಿಟ್ಟುಹೋದ ಬಾಟಲಿಗಳನ್ನು ಮೇಷ್ಟ್ರು ಮತ್ತೆ ಪರೀಕ್ಷಿಸಿದಾಗಲೂ ನೋಟ್‌ಬುಕ್ಕಿನ ಉತ್ತರವೇ ಬಂತು.

ಒಂದೂವರೆ ತಿಂಗಳು ಕುಡಿದರೆ ಏನಾಗುತ್ತದೆ ಎಂದು ಮೇಷ್ಟ್ರನ್ನು ಕೇಳಿದೆ. ಅವರು ನೋಟ್‌ಬುಕ್ ಮುಚ್ಚಿದರು. "ಇದು ವರ್ಷಗಟ್ಟಲೆ ಕುಡಿದು ಆಗೋದು. ಒಂದೂವರೆ ತಿಂಗಳಿಗೆ ಏನೂ ಕಾಣಲ್ಲ ಅಂತ ನನ್ನ ತಿಳಿವಳಿಕೆ. ಆದ್ರೆ ಹುಡುಗರ ಮೈ. ಖಂಡಿತ ಅಂತ ನಾನು ಹೇಳಲ್ಲ, ನೀನೂ ಹೇಳಬೇಡ," ಎಂದರು.

ಆಮೇಲೆ ಎಡಿಟರನ್ನು ತಿದ್ದಿದೆ. ದಾರಿಯನ್ನು ಇನ್ನು ಮುಂದೆ ಸದ್ಯದ ಫೋಲ್ಡರಿನಿಂದ ಎಣಿಸುವುದಿಲ್ಲ, ಆ ದಾರಿ ಬರೆದಿರುವ ಫೈಲು ಎಲ್ಲಿದೆಯೋ ಅಲ್ಲಿಂದ. ನೆಟ್ಟಗಿರಲಿ ಬಾಗಿರಲಿ, ತೆರೆದ ಚಿಹ್ನೆಗೆ ಜೋಡಿ ಸಿಗದಿದ್ದರೆ ಅಲ್ಲೇ ನಿಲ್ಲುತ್ತದೆ. ಫೈಲು ಸಿಗದಿದ್ದರೆ ಸಿಗಲಿಲ್ಲ ಎಂದೇ ಹೇಳುತ್ತದೆ, ಬೇರೆಲ್ಲೂ ಹುಡುಕುವುದಿಲ್ಲ. ಎರಡು ಫೈಲಿನ ಸಾಲುಗಳು ಸರಿಹೊಂದದಿದ್ದರೆ ಮುದ್ರಿಸುವುದಿಲ್ಲ. ಪ್ರತಿ ಹಾಳೆಯ ಅಡಿಯಲ್ಲಿ ಫಲಿತಾಂಶ ಬಂದ ಪೂರ್ತಿ ದಾರಿ ಅಚ್ಚಾಗುತ್ತದೆ. ಎರಡು ದಿನ ಪರೀಕ್ಷಿಸಿ, ಫ್ಲಾಪಿಯಲ್ಲಿ ಹಾಕಿ ಸಂಯೋಜಕರ ಮೇಜಿನ ಮೇಲೆ ಇಟ್ಟೆ.

"ಚಲೋ ಮಾಡೀರಿ," ಎಂದರು ಅವರು. "ಆದ್ರ ಇನ್ಮ್ಯಾಲೆ ಪಟ್ಟಿ ಕೈಯಾಗ ಬರೀರಿ. ಮೇಷ್ಟ್ರು ಒಂದು ಸಲ, ನೀವು ಒಂದು ಸಲ ಸಹಿ ಹಾಕ್ರಿ. ಮೇಲಿನವರಿಗೆ ಹಂಗಂತ ಮಾತು ಕೊಟ್ಟೀನಿ." ಆ ಫ್ಲಾಪಿಯನ್ನು ಯಾರೂ ಯಾವ ಕಂಪ್ಯೂಟರಿಗೂ ಹಾಕಲಿಲ್ಲ.

ಇಪ್ಪತ್ತಮೂರು ಪಂಪುಗಳ ಊರುಗಳಿಗೆ ಪೇಂಟರ್ ಜೊತೆ ನಾನೂ ಹೋಗುತ್ತೇನೆಂದು ಹೇಳಿದೆ. ಪೇಂಟರ್ ಡಬ್ಬಿ, ಕುಂಚ ಕಟ್ಟಿಕೊಂಡರು. ಬಸ್ಸಿನಲ್ಲಿ ಕುಳಿತ ಮೇಲೆ, "ನೀವು ಬರೋದು ಚಲೋ ಆತ್ರಿ ಮೇಡಂ. ಹಚ್ಚಿದ್ದು ನನ್ನ ಕೈ. ಊರಾಗ ನನ್ನ ಮಾರಿನ ನೋಡ್ತಾರ," ಎಂದರು.

ಹೆಚ್ಚಿನ ಊರುಗಳಲ್ಲಿ ಜನ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಕೇಳಿ, ತಲೆಯಾಡಿಸಿ, ಹೊರಟುಹೋದರು. ಒಂದು ಊರಿನಲ್ಲಿ ಒಬ್ಬ ಹಿರಿಯರು, "ಹಚ್ಚೋದು ಹಚ್ಚಿ ಹೋಗ್ರಿ. ನಮಗ ಯಾವುದು ಸೇರ್ತೈತೋ ಅದನ್ನ ಕುಡೀತೀವಿ," ಎಂದರು. ಸಂಯೋಜಕರು ಹೆದರಿದ್ದು ಇದಕ್ಕೇ.

ಕೊನೆಗೆ ಅಕ್ಕನ ಊರು. ಶಾಲೆಯ ಮುಂದಿನ ಪಂಪಿನ ಹಿಡಿಕೆಯನ್ನೇ ಊರಿನವರು ಕಳಚಿಟ್ಟಿದ್ದರು, ಗೊತ್ತಿಲ್ಲದ ಮಕ್ಕಳು ಕುಡಿಯಬಾರದೆಂದು. ಕೆಂಪು ಹಚ್ಚಿದಾಗ ಹಾಗೆ ಮಾಡಿಸಿದವರೂ ಅಕ್ಕನೇ, ನನಗೆ ಬಾಟಲಿ ತರಲು ಒಮ್ಮೆ ಮಾತ್ರ ಮತ್ತೆ ಜೋಡಿಸಿದ್ದರಂತೆ. ಪೇಂಟರ್ ಹಿಡಿಕೆ ಹುಡುಕಿ ತಂದು ಜೋಡಿಸಿ, ಕೆಸರು ನೀರು ಹೋಗಿ ತಿಳಿ ಬರುವವರೆಗೆ ಹೊಡೆದರು. ಆಮೇಲೆ ಕೆಂಪಿನ ಮೇಲೆ ಹಸಿರು ಹಚ್ಚಿದರು. ಅಷ್ಟರಲ್ಲಿ ಹತ್ತಿಪ್ಪತ್ತು ತಾಯಂದಿರು ಅಂಗನವಾಡಿಯ ಕಟ್ಟೆಯ ಬಳಿ ಸೇರಿದ್ದರು. ನಾನು ಆದದ್ದನ್ನು ಹೇಳಿದೆ. ಫೈಲು, ಫೋಲ್ಡರು ಎಂದರೆ ತಿಳಿಯದು ಎಂದುಕೊಂಡು, ಬೇರೆ ಊರಿನ ನೀರಿನ ಫಲ ನಿಮ್ಮೂರಿನ ಹೆಸರಿಗೆ ಬರೆದುಬಿಟ್ಟೆ ಎಂದೆ.

"ನೀವು ಬರೆದ್ರಿ, ಇಕಿ ಹೇಳಿದ್ಲು, ನಾವು ಕುಡಿಸಿದ್ವಿ," ಎಂದರು ಒಬ್ಬ ತಾಯಿ. ಕಂಕುಳಲ್ಲಿ ಮಗುವಿತ್ತು. "ಈಗ ಇದಕ್ಕ ಏನಾಕ್ಕೈತಿ?"

"ಏನೂ ಆಗಲಿಕ್ಕಿಲ್ಲ ಅಂತ ಪರೀಕ್ಷೆ ಮಾಡೋ ಮೇಷ್ಟ್ರು ಹೇಳ್ಯಾರ. ಖಾತ್ರಿ ಹೇಳಾಕ ಅವರಿಗೂ ಬರಂಗಿಲ್ಲ, ನನಗೂ ಬರಂಗಿಲ್ಲ."

ಆ ತಾಯಿ ನನ್ನಿಂದ ಕಣ್ಣು ತೆಗೆದು ಅಕ್ಕನನ್ನು ನೋಡಿದರು. ಅಕ್ಕ ತಲೆ ತಗ್ಗಿಸಲಿಲ್ಲ. ಕೊಡ ತೆಗೆದುಕೊಂಡು ಶಾಲೆಯ ಪಂಪಿಗೆ ಹೋಗಿ ತುಂಬಿಕೊಂಡು ಬಂದರು. ಅಂಗನವಾಡಿಯಲ್ಲಿ ಅವರ ಮಗಳೂ ಇದ್ದಳು, ನಾಲ್ಕು ವರ್ಷದವಳು. ಅವಳ ಲೋಟಕ್ಕೆ ಮೊದಲು ಹಾಕಿದರು. ನಾನೂ ಒಂದು ಲೋಟ ಕುಡಿದೆ. ಕುಡಿಯುವಾಗಲೇ ಗೊತ್ತಾಯಿತು, ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದು. ಉಳಿದ ತಾಯಂದಿರು ತಮ್ಮ ಮಕ್ಕಳನ್ನು ಎತ್ತಿಕೊಂಡು ಮನೆಗೆ ಹೋದರು.

ಮರುದಿನ ಬೆಳಗಿನ ಬಸ್ಸಿಗೆ ಮತ್ತೆ ಆ ಊರಿಗೆ ಹೋದೆ. ಯಾರೂ ಹೋಗೆಂದು ಹೇಳಿರಲಿಲ್ಲ, ಆದರೂ ಆಮೇಲೆ ದಿನವೂ ಹೋದೆ. ಮಕ್ಕಳು ಮನೆಯಿಂದ ಬಾಟಲಿಯಲ್ಲಿ ನೀರು ತಂದಿದ್ದರು, ಆ ನೀರು ಯಾವ ಪಂಪಿನದೋ ಕೇಳುವ ಧೈರ್ಯ ನನಗಾಗಲಿಲ್ಲ. ಅಕ್ಕ ಕೊಡ ತುಂಬಿ ಇಡುತ್ತಿದ್ದರು, ಊಟವಾದ ಮೇಲೆ ಮಗಳಿಗೆ ಒಂದು ಲೋಟ ಹಾಕುತ್ತಿದ್ದರು. ಉಳಿದದ್ದನ್ನು ಸಂಜೆ ಬೇವಿನ ಗಿಡಕ್ಕೆ ಸುರಿಯುತ್ತಿದ್ದರು. ನಾಲ್ಕನೆಯ ದಿನ ಇನ್ನೊಂದು ಮಗು ಕುಡಿಯಿತು. ವಾರ ಕಳೆದ ಮೇಲೆ, ಅಂದು ನನ್ನನ್ನು ಕೇಳಿದ್ದ ಆ ತಾಯಿ ಬಂದು ಕಟ್ಟೆಯ ಮೇಲೆ ಕುಳಿತರು. ಬಹಳ ಹೊತ್ತು ಕೊಡವನ್ನು ನೋಡಿ, ತಮ್ಮ ದೊಡ್ಡ ಮಗನಿಗೆ, "ಕುಡಿ," ಎಂದರು. ನನ್ನ ಕಡೆ ತಿರುಗಲಿಲ್ಲ.

ಹನ್ನೊಂದನೆಯ ದಿನ ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತು ಮಕ್ಕಳಿದ್ದರು. ಕೊಡದ ನೀರು ಕುಡಿದವರು ಐದು. ಅಕ್ಕ ಲೋಟಗಳನ್ನು ತೊಳೆದು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ನನ್ನ ಬಳಿ ಬಂದರು.

"ನಾಳಿಂದ ನೀವು ಬರಬ್ಯಾಡ್ರಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಇಲ್ಲಿ ನಿಂತಿದ್ರ ಅವರಿಗೆ ಅದ ನೆನಪಾಕ್ಕೈತಿ. ನಾ ನೋಡ್ಕೊಂತೀನಿ."

ನಾನು ಆಗಲಿ ಎಂದೆ. ಚಪ್ಪಲಿ ಹಾಕಿಕೊಂಡು ರಸ್ತೆಗೆ ಬಂದೆ. ಒಳಗೆ ಅಕ್ಕ ಮಕ್ಕಳಿಗೆ ಎಣಿಕೆ ಹೇಳಿಕೊಡತೊಡಗಿದ್ದರು, ಮಕ್ಕಳು ಅವರ ಹಿಂದೆ ಗಟ್ಟಿಯಾಗಿ ಹೇಳುತ್ತಿದ್ದರು. ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು.